ತೊಳೆದಿಟ್ಟ ಕ್ಯಾನು

ಅಕ್ಕಾ,

ಸೊರಬದ ಬೀಗರ ಮನೆ ತಲುಪಿದ್ದೇನೆ. ಇಲ್ಲಿ ಕುಡಿಯುವ ನೀರು ತುಂಬಿಡುವುದು ಶುಂಠಿ ಹೊಲಕ್ಕೆ ಹೊಡೆದ ಕಳೆನಾಶಕದ ಖಾಲಿ ಕ್ಯಾನಿನಲ್ಲಿ. “ಹುಣಸೆಹಣ್ಣು ಹಾಕಿ ತಿಕ್ಕಿದೀವ್ರೀ, ವಾಸನೆ ಇಲ್ಲ” ಎನ್ನುತ್ತಾರೆ ಬೀಗರು. ವಾಸನೆ ಹೋದರೆ ವಿಷವೂ ಹೋಯಿತಂತೆ, ಏನು ಬುದ್ಧಿ. ಅವರ ಮಗಳು ಚೈತ್ರಶ್ರೀ ಹತ್ತನೇ ಕ್ಲಾಸು. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನಕ್ಕೆ ಮರೆಯುತ್ತಾಳೆ. ಬೆಳೆಯುವ ಮಿದುಳಿಗೆ ಆ ನೀರು ಬೇಡವೆಂದೆ. “ಮೊಬೈಲಿಂದ ಹಂಗಾಗಿದೆ ಬಿಡ್ರೀ” ಎಂದು, ನೆನಪಿನ ಶಕ್ತಿಗೆ ಒಂದೆಲಗದ ರಸವನ್ನು ಅದೇ ನೀರಿನಲ್ಲಿ ಕಲಸಿ ಕುಡಿಸಿದರು.

ನಾಳೆ ಶಿಕಾರಿಪುರದ ಬಸ್ಸು ಹತ್ತುತ್ತೇನೆ. ನನ್ನ ಆರೋಗ್ಯ ಸರಿಯಿದೆ, ಬಾವಿಯಿಂದ ಸೇದಿ ಕುಡಿಯುತ್ತೇನೆ. ಇವರ ಗಬ್ಬದ ಎಮ್ಮೆಗೂ ಕ್ಯಾನಿನ ನೀರಲ್ಲ, ಬಾವಿಯಿಂದ ಸೇದಿದ್ದೇ, ಬೇರೆ ಬಕೆಟ್ಟಿನಲ್ಲಿ. “ಹೊಟ್ಟೇಲಿರೋ ಕರುವಿಗೆ ಏನಾದ್ರೂ ಆದ್ರೆ ಏನ್ ಮಾಡೋದ್ರೀ” ಎನ್ನುತ್ತಾರೆ ಬೀಗರೇ.

ಅವಸರದಲ್ಲಿ,
ಜಗದಾಂಬ