ಒಂಬತ್ತು ಗಂಟೆಯ ಹಾಜರಿ

ಆನೆಕೊಂಡ, ದಾವಣಗೆರೆ
೧೧ ಫೆಬ್ರವರಿ ೧೯೯೯, ಗುರುವಾರ

ಪ್ರೀತಿಯ ಸಿದ್ದಣ್ಣಾ,

ಹೇಗಿದ್ದೀಯ? ಅಸ್ಸಾಮಿನಲ್ಲಿ ಚಳಿ ಇನ್ನೂ ಬಿಟ್ಟಿಲ್ಲ ಎಂದು ಬರೆದಿದ್ದೆ. ಕೆಮ್ಮು ಹೋಯಿತೇ? ಸೇತುವೆ ಮೇಲೆ ವೆಲ್ಡಿಂಗ್ ಮಾಡುವಾಗ ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅವ್ವ ದಿನಾ ಕೇಳುತ್ತಾಳೆ. ಕಟ್ಟಿಕೊಳ್ಳುತ್ತೇನೆ ಅಂತಲೇ ಬರೆ. ಅವಳ ಮಂಡಿನೋವು ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅದೇ ನನಗೆ ಆಶ್ಚರ್ಯ.

ರಜಾಕ್ ಹೋದ ಸುದ್ದಿಯನ್ನು ಅಪ್ಪ ನಿನಗೆ ಫೋನಿನಲ್ಲಿ ಹೇಳಿದ್ದಾನೆ. ಏಳನೇ ಕ್ಲಾಸಿನ ತನಕ ನಿನ್ನ ಬೆಂಚಿನಲ್ಲೇ ಕೂತ ರಜಾಕ್, ಸೈಕಲ್ ಶಾಪಿನ ಅಬ್ದುಲ್ ರಹೀಮ್ ಚಾಚಾನ ಮಗ. ತಾನು ಕೆಲಸ ಮಾಡುವ ಫೌಂಡ್ರಿಯೊಳಗೆ ರಜೆಯ ದಿನ ಸುಮ್ಮನೆ ಹೋಗಿದ್ದ, ಮೇಲೆ ಏನೋ ಬಿತ್ತು ಎಂದು ಅಪ್ಪ ಹೇಳಿರಬೇಕು. ಅದು ನಿಜವಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀನು ಹೋದ ಮೇಲೆ ಅಪ್ಪ ತಾನು ಮೇಸ್ತ್ರಿಯಾಗಿರುವ ಗುತ್ತೂರಿನ ಫೌಂಡ್ರಿಯಲ್ಲೇ ನನಗೂ ಕಂಪ್ಯೂಟರ್ ಕೆಲಸ ಕೊಡಿಸಿದ. ಅಲ್ಲಿ ಏನು ಮಾಡುತ್ತೀ ಎಂದು ಕೇಳಿದ್ದೆಯಲ್ಲ, ಕೆಲಸಗಾರರ ಹಾಜರಿ ಪಟ್ಟಿಯನ್ನು ದಿನಾ ಪುಣೆಯ ಹೆಡ್ ಆಫೀಸಿಗೆ ಕಳಿಸುವುದು ನನ್ನ ಕೆಲಸ. ಮೊದಲು ಮೋಡೆಮ್ ಕಿರುಗುಟ್ಟಿ ಲೈನು ಸಿಕ್ಕಮೇಲೆ ನಾನೇ ಪಾಸ್‌ವರ್ಡ್ ಹೊಡೆದು ಕಳಿಸಬೇಕಿತ್ತು, ಅರ್ಧಕ್ಕೆ ಕಟ್ಟಾದರೆ ಮತ್ತೆ ಮೊದಲಿನಿಂದ. ದೀಪಾವಳಿ ಕಳೆದ ಮೇಲೆ ಪುಣೆಯ ಎಂಜಿನಿಯರ್ ಮೇಡಂ ಒಬ್ಬರು ಹದಿನೈದು ದಿನ ಫೋನಿನಲ್ಲೇ ಹೇಳಿಕೊಟ್ಟು, ಪಟ್ಟಿ ತಾನಾಗಿ ಹೋಗುವಂತೆ ನನ್ನ ಕೈಯಲ್ಲಿ ಮಾಡಿಸಿದರು. ಒಂದು ಬೀಗ, ಅದಕ್ಕೊಂದು ಬೀಗದ ಕೈ ಇದ್ದ ಹಾಗೆ ಎರಡು ಫೈಲು. ಬೀಗವನ್ನು ಪುಣೆಗೆ ಕಳಿಸಿದೆ, ಬೀಗದ ಕೈ ನಮ್ಮ ಮಷೀನಿನಲ್ಲೇ ಉಳಿಯಿತು. ಆಮೇಲೆ ಪಾಸ್‌ವರ್ಡಿನ ಗೊಡವೆಯಿಲ್ಲ. ಅಲ್ಲಿನ ಸರ್ವರ್ ನಮ್ಮ ಮಷೀನನ್ನು ಗುರುತು ಹಿಡಿದು ಒಳಗೆ ಬಿಡುತ್ತದೆ, ದಾರಿಯಲ್ಲಿ ಯಾರು ಕದ್ದು ನೋಡಿದರೂ ಒಂದಕ್ಷರ ಅರ್ಥವಾಗುವುದಿಲ್ಲ. ಮೂರು ದಿನ ಅದು ಹಟ ಹಿಡಿಯಿತು. ಬೀಗದ ಕೈ ಫೈಲನ್ನು ಎಲ್ಲರೂ ಓದುವಂತೆ ಬಿಟ್ಟಿದ್ದೆ, ಅದಕ್ಕೇ ಮಷೀನು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೊರಡು, ಲೈನು ಸಿಗದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ನೋಡು, ತಲುಪಿದ ಹೊತ್ತನ್ನು ಬರೆದಿಡು ಎಂದು ಎಲ್ಲ ನಾನೇ ಬರೆದೆ. ಒಂದೇ ದಿನದ ಪಟ್ಟಿ ಎರಡು ಸಲ ಬಂದರೆ ಹಳೆಯದನ್ನು ಅಳಿಸಲೇ ಎಂದು ಮೇಡಂ ಕೇಳಿದರು. ಅರ್ಧ ಬಂದ ಪಟ್ಟಿ ಒಳ್ಳೆಯದನ್ನು ಅಳಿಸಿಬಿಟ್ಟರೆ ಎಂದು ಹೆದರಿ, ಎರಡೂ ಇರಲಿ ಅಂದೆ. ಮೊದಲ ಸಲ ತಾನಾಗಿ ಹೋದ ದಿನ ಅಪ್ಪ ಬಂದು ನಿಂತು ನೋಡಿದ. 'ಯಾರೂ ಮುಟ್ಟಲಿಲ್ಲ, ಅದಾ ಹೋತಲ್ಲವ್ವ' ಅಂದ. ಸಂಜೆ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಕೊಡಿಸಿದ.

ಜನವರಿ ಇಪ್ಪತ್ತೇಳು, ಬುಧವಾರ. ರಂಜಾನ್ ಮುಗಿದು ಒಂದು ವಾರವಾಗಿತ್ತು. ರಜಾಕ್ ನಮ್ಮ ಬಸ್ಸಿನಲ್ಲೇ ಬಂದ, ಎಂಟಕ್ಕೆ ಹಾಜರಿ ಹಾಕಿದ. ಒಂಬತ್ತಕ್ಕೆ ಪಟ್ಟಿ ಹೋಯಿತು. ಹನ್ನೊಂದರ ಸುಮಾರಿಗೆ ಕ್ರೇನಿನ ಸರಪಳಿ ತುಂಡಾಗಿ ಎರಕ ಹೊಯ್ಯುವ ಅಚ್ಚಿನ ಪೆಟ್ಟಿಗೆ ಅವನ ಮೇಲೆ ಬಿತ್ತು. ಆ ಸರಪಳಿ ಬದಲಾಯಿಸಬೇಕೆಂದು ಅಪ್ಪನೇ ಎರಡು ಸಲ ಬರೆದುಕೊಟ್ಟಿದ್ದ. ಜನ ಓಡುವುದು ನನಗೆ ಕಿಟಕಿಯಿಂದ ಕಂಡಿತು. ಟೈಪ್ ಮಾಡುತ್ತಿದ್ದ ಸಾಲನ್ನು ಮುಗಿಸಿ ಎದ್ದೆ. ಯಾಕೆ ಮುಗಿಸಿದೆನೋ ಗೊತ್ತಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಶಿವಯೋಗಪ್ಪನವರು ನನ್ನ ಟೇಬಲ್ಲಿಗೆ ಬಂದರು. 'ಬೆಳಗಿನ ಪಟ್ಟಿನಾಗೆ ಒಂದು ಹೆಸರು ತಪ್ಪಿ ಸೇರೈತಮ್ಮ. ರಜಾಕಂದು ಇವತ್ತು ವಾರದ ರಜೆ. ತೆಗೆದು ಇನ್ನೊಂದ್ಸಲ ಕಳಿಸು' ಅಂದರು. ದನಿ ಎತ್ತರಿಸಲಿಲ್ಲ. ಅವರ ಹಿಂದೆ ಅಪ್ಪ ಹೊಸ ಹಾಜರಿ ಹಾಳೆ ಹಿಡಿದು ನಿಂತಿದ್ದ. ಕೆಳಗೆ ಅವನದೇ ಸಹಿ. 'ಹೇಳಿದಷ್ಟು ಮಾಡವ್ವ' ಅಂದ. ಮಾಡಿದೆ. ಸಾಲು ಅಳಿಸಿದೆ, ಕಳಿಸಿದೆ, ತಲುಪಿತು ಎಂದು ಬಂತು. ಪುಣೆಯಲ್ಲಿ ಈಗ ಎರಡು ಪಟ್ಟಿ ಇವೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೇಳಲಿಲ್ಲ. ಜಾಣತನದಿಂದ ಸುಮ್ಮನಿದ್ದೆ ಎಂದುಕೊಳ್ಳಬೇಡ ಅಣ್ಣಾ, ಬಾಯಿ ತೆರೆಯಲು ಆಗಲಿಲ್ಲ, ಅಷ್ಟೆ. ಮಣ್ಣಿಗೆ ಹೋದಾಗಲೂ ಅಳು ಬರಲಿಲ್ಲ.

ಐದು ದಿನ ಬಿಟ್ಟು ರಹೀಮ್ ಚಾಚಾ ಫೌಂಡ್ರಿಯ ಗೇಟಿಗೆ ಬಂದ. ಮ್ಯಾನೇಜರ್, ಅಪ್ಪ, ನಾನು ಹೊರಗೆ ಬಂದೆವು. 'ಸಾಹೇಬ್ರೆ, ನಂಗೆ ಬ್ಯಾರೆ ಏನೂ ಬ್ಯಾಡ. ನನ್ ಮಗ ಕೆಲಸಕ್ಕೆ ಬಂದಿದ್ದ ಅಂತ ಬರ್ಕೊಡ್ರಿ. ಕಳ್ಳನಂಗೆ ಒಳಗೆ ಹೋಗಿದ್ದ ಅಂತ ಮೊಹಲ್ಲಾದಾಗೆ ಮಾತಾಡ್ತಾರೆ' ಅಂದ. ದಾಖಲೆಯಲ್ಲಿ ಇಲ್ಲದ್ದನ್ನು ಹೇಗೆ ಬರೆದುಕೊಡಲಿ ಎಂದರು ಮ್ಯಾನೇಜರ್. ಚಾಚಾ ನನ್ನ ಕಡೆ ತಿರುಗಿ, 'ಬೇಟಿ, ಅವತ್ತು ಬಸ್ಸಿನಾಗೆ ನೀ ಅವನ್ನ ನೋಡಿದ್ಯಲ್ಲ?' ಅಂದ. ಅಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. 'ನೋಡೀನಿ ಚಾಚಾ' ಅಂದೆ. ನನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು.

ಮರುದಿನ ಎಸ್‌ಟಿಡಿ ಬೂತಿನಿಂದ ಪುಣೆಯ ಮೇಡಮ್ಮಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಎರಡೂ ಪಟ್ಟಿಗಳನ್ನು ಆ ಬೂತಿಗೇ ಫ್ಯಾಕ್ಸ್ ಮಾಡಿದರು. ಒಂದು ಒಂಬತ್ತು ಗಂಟೆಯದು, ಒಂದು ಮೂರು ಗಂಟೆಯದು. ಅವನ್ನು ದಾವಣಗೆರೆಯಲ್ಲಿ ಕಾರ್ಖಾನೆ ಇನ್‌ಸ್ಪೆಕ್ಟರ್ ಆಫೀಸಿಗೆ ಕೊಟ್ಟು ಮನೆಗೆ ಬಂದು ಅವ್ವನಿಗೆ ರೊಟ್ಟಿ ತಟ್ಟಿಕೊಟ್ಟೆ. ಎಲ್ಲಿಗೆ ಹೋಗಿದ್ದೆ ಎಂದು ಮೂರನೆಯ ಸಲ ಕೇಳಿದಾಗ ಅಪ್ಪನಿಗೂ ಹೇಳಿದೆ. ಬಯ್ಯಲಿಲ್ಲ, ಹೊಡೆಯಲಿಲ್ಲ. ಅವತ್ತಿನಿಂದ ನನ್ನ ಜತೆ ಮಾತಿಲ್ಲ, ನಾನು ಬಡಿಸಿದರೆ ಉಣ್ಣುವುದಿಲ್ಲ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು ಇದೆ ಅವನಿಗೆ. ಈ ಸೋಮವಾರದಿಂದ ನನಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಒಂಬತ್ತಕ್ಕೆ ಪಟ್ಟಿ ಹೋಗುತ್ತಲೇ ಇರುತ್ತದೆ, ಅದಕ್ಕೆ ನಾನು ಬೇಕಿಲ್ಲ. ಆ ಹೊತ್ತಿಗೆ ನಾನು ಬಟ್ಟೆ ಒಗೆಯುತ್ತಿರುತ್ತೇನೆ.

ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿದ್ದಾಳೆ ಎಂದು ತಿಳಿದುಕೋ. ಕಾಲಕ್ಕೆ ಸರಿಯಾಗಿ ಊಟ ಮಾಡು, ಅಣ್ಣಾ.

ನಿನ್ನ ತಂಗಿ,
ಭವ್ಯಾ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಾಗಿಲಲ್ಲಿ ನಿಂತು 'ಸಿದ್ದೇಶಂಗೆ ಏನ್ ಬರ್ದಿ?' ಅಂದ. ಒಂಬತ್ತು ದಿನಕ್ಕೆ ಮೊದಲ ಮಾತು. ಎಲ್ಲ ಬರೆದಿದ್ದೇನೆ ಅಂದೆ. 'ಇಪ್ಪತ್ತೈದಕ್ಕೆ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರೆ. ಆ ಹಾಳೆ ಸುಳ್ಳು, ಸಹಿ ನಂದು ಅಂತ ನಾನಾ ಹೇಳ್ತೀನಿ. ಅದನ್ನೂ ಬರಿ' ಅಂದ. ಅದಕ್ಕೂ ಮೊದಲು ರಹೀಮ್ ಚಾಚಾನ ಅಂಗಡಿಗೆ ಹೋಗಿ ಅವನ ಮುಂದೆ ಹೇಳಬೇಕಂತೆ. ಎರಡು ಸಲ ಸೈಕಲ್ ಶಾಪಿನ ತನಕ ಹೋಗಿ ತಿರುಗಿ ಬಂದನಂತೆ. ನನ್ನನ್ನು ಕರೆದುಕೊಂಡು ಹೋಗಲು ಅವನಿಗೆ ಮುಖವಿಲ್ಲ. ನೀನು ಜತೆಗಿದ್ದರೆ ಹೋಗುತ್ತಾನೆ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಸಿಕ್ಕ ದಿನವೇ ರೈಲು ಹತ್ತು.