ನನ್ನ ಬಳಿ ಉಳಿದ ಅರ್ಧ

ದೊರ್ರಾ,

ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದರೂ ಇದನ್ನು ಕಳಿಸುವಷ್ಟು ಧೈರ್ಯ ನನಗಿಲ್ಲ.

ಇವತ್ತು ನಮ್ಮ ಕಾದಂಬರಿಗಾರ್ತಿ ಟ್ಯೂನಿಸಿಗೆ ಬಂದಿದ್ದಳು ಕಣೇ! ಸಹಿಗಾಗಿ ಪುಸ್ತಕದಂಗಡಿಯ ಮುಂದೆ ನಿಂತವರ ಸಾಲು ಬೀದಿಯ ತಿರುವು ದಾಟಿತ್ತು. ಅವಳ ಕಥೆಯ ಮುದಿ ಗ್ರಂಥಪಾಲಕ ಕಪಾಟಿನಿಂದ ಓಡಿಹೋದ ಪುಸ್ತಕಗಳನ್ನು ಮಲ್ಲಿಗೆ ತೋರಿಸಿ ವಾಪಸು ಕರೆಯುತ್ತಾನಲ್ಲ, ಅದಕ್ಕೇ ಎಲ್ಲರ ಕೈಯಲ್ಲೂ ಮಲ್ಲಿಗೆ.

ನಾನು ಒಯ್ದದ್ದು ನನ್ನ ಅರ್ಧ ಪುಸ್ತಕವನ್ನು. ಅವಳ ಹೊಸ ಕಾದಂಬರಿ ಬಂದಾಗಲೆಲ್ಲ ಇಬ್ಬರೂ ಸೇರಿ ಒಂದೇ ಪ್ರತಿ ಕೊಂಡು, ಕಾಯಲಾರದೆ ನಡುವೆ ಸೀಳಿ, ಶುಕ್ರವಾರ ಕೆಫೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತಿದ್ದೆವಲ್ಲ, ಅವುಗಳಲ್ಲಿ ಕೊನೆಯದು. ಮೊದಲು ಕೊನೆ ಓದುವ ಚಟ ನಿನಗೇ ಇದ್ದದ್ದು, ಅದಕ್ಕೇ ಕೊನೆಯ ಅರ್ಧ ನಿನ್ನ ಕೈಗೆ ಹೋಯಿತು.

ಸಾಲಿನಲ್ಲಿ ನನ್ನ ಹಿಂದಿದ್ದ ಮುದುಕಿ ಛೇಡಿಸಿದಳು: "ಏನಮ್ಮಾ, ಮಿಕ್ಕಿದ್ದನ್ನ ಮೇಕೆ ತಿಂತಾ?"

ನನ್ನ ಸರದಿ ಬಂದಾಗ, ಪುಸ್ತಕ ಅರ್ಧವಾದದ್ದನ್ನೂ ನಾವು ಜಗಳವಾಡಿ ದೂರವಾದದ್ದನ್ನೂ ಹೇಳಿದೆ. ಕಾದಂಬರಿಗಾರ್ತಿ ಬೆರಗಾದಳು. "ಹನ್ನೊಂದು ವರ್ಷದಿಂದ ನಿಮಗೆ ಕೊನೆ ಗೊತ್ತಿಲ್ವಾ? ಬನ್ನಿ, ಕಿವೀಲಿ ಹೇಳ್ತೀನಿ."

ಸಾಲಿನವರೆಲ್ಲ ಹೊಟ್ಟೆ ಉರಿದುಕೊಂಡರು.

"ಬೇಡ ಮೇಡಂ," ಅಂದೆ. "ಅದನ್ನ ಹೇಳಬೇಕಾದೋಳು ಬೇರೆ ಒಬ್ಬಳು ಇದಾಳೆ."

ಅರ್ಧಕ್ಕೆ ನಿಂತ ಕೊನೆಯ ವಾಕ್ಯದ ಕೆಳಗೆ ಅವಳು ಸಹಿ ಹಾಕಿಕೊಟ್ಟಳು.

ಬರುವಾಗ ನಮ್ಮ ಕೆಫೆಯ ಮುಂದೆ ಹಾದುಬಂದೆ. ಜಗಳವಾದ ಮೇಲಿನ ಶುಕ್ರವಾರ ನಾನು ಬರಲೇ ಇಲ್ಲ ಅಂತ ನೀನು ತಿಳಿದಿರುತ್ತೀಯ. ಬಂದಿದ್ದೆ ದೊರ್ರಾ. ಎದುರಿನ ಔಷಧಿ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿ, ಹಾಗೇ ಹಿಂತಿರುಗಿದೆ. ನಿನ್ನ ಅರ್ಧ ಪುಸ್ತಕ ಮೇಜಿನ ಮೇಲಿತ್ತು. ನೀನು ಎರಡು ಲೋಟ ಚಹಾ ತರಿಸಿಕೊಂಡು ಕೂತಿದ್ದೆ.