ಬಾಳೆಕಾಯಿ ಡ್ರಮ್ಮಿನಲ್ಲಿ ಜರ್ಮನಿಯ ಬಾಟಲಿ

ಕಂಪ್ಲಿ
೪ ಮೇ ೨೦೨೫

ಪ್ರೀತಿಯ ಮಗಳೇ ಕಾವ್ಯಾ,

ಕಂಪ್ಲಿಯ ಸಮಸ್ತ ನಾಗರಿಕರ ಪರವಾಗಿ ನಿನಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಎರಡು ಡಜನ್ ಸುಗಂಧಿ ಬಾಳೆಹಣ್ಣು ಮೊನ್ನೆ ಶುಕ್ರವಾರ ಅಡುಗೆಮನೆಯ ಜಂತಿಗೆ ಅಂಟಿಕೊಂಡವು. ವಿವರ ಆಮೇಲೆ. ಮೊದಲು ನಿನ್ನ ಕೆಮ್ಮು ಹೋಯಿತೇ, ಹೇಳು. ಜರ್ಮನಿಯಲ್ಲಿ ಇನ್ನೂ ಸ್ವೆಟರ್ ಹಾಕುತ್ತೀರಂತೆ. ಇಲ್ಲಿ ನಲವತ್ತೆರಡು ಡಿಗ್ರಿ. ನಾವು ಕ್ಷೇಮ. ಇದನ್ನು ರೂಢಿಗೆಂದು ಬರೆಯುತ್ತಿಲ್ಲ, ಎಣಿಸಿ ನೋಡಿ ಬರೆಯುತ್ತಿದ್ದೇನೆ. ನನಗೂ ನಿನ್ನವ್ವನಿಗೂ ಸೇರಿ ನಾಲ್ಕು ಕಣ್ಣು. ನಾಲ್ಕೂ ಇವೆ, ಅವಳ ಎರಡಕ್ಕೆ ಪೊರೆ.

ಸಂಕ್ರಾಂತಿಗೆ ಬಂದಾಗ ನೀನು ಕೆಲಸಕ್ಕಿರುವ ಹೆಲ್ಗಾ ಅಮ್ಮನವರ ಪುಟ್ಟ ವೈನರಿಯಿಂದ ಒಂದು ಬಾಟಲಿ ತಂದಿದ್ದೆಯಲ್ಲ, ನೀನೇ ತುಂಬಿ ಸೋಡಾ ಮುಚ್ಚಳ ಬಿಗಿದದ್ದು. ಈಸ್ಟ್ ಇನ್ನೂ ಒಳಗೇ ಇದೆ, ಗುಳ್ಳೆ ಹುಟ್ಟುತ್ತಿದೆ, ಲಾರಿ ಟೈರಿನಷ್ಟು ಒತ್ತಡ, ತಂಪಿನಲ್ಲಿ ಮಲಗಿಸಿಡಿ, ಮುಂದಿನ ಸಲ ಬಂದು ನಾನೇ ತೆಗೆಯುತ್ತೇನೆ ಎಂದಿದ್ದೆ. ಆದರೆ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ವೈನು! ತಂಪಿಗಿಂತ ಮರೆ ಮುಖ್ಯವೆಂದು ನಿನ್ನವ್ವ ತೀರ್ಮಾನಿಸಿದಳು. ಹೋದ ವಾರ ನಿನ್ನ ಸೋದರತ್ತೆ ಬರುವಳೆಂದು ತಿಳಿದಾಗ ಬಾಟಲಿ ಮಂಚದ ಕೆಳಗಿನಿಂದ ಬಾಳೆಕಾಯಿ ಹಣ್ಣು ಮಾಡುವ ಡ್ರಮ್ಮಿಗೆ ಹೋಯಿತು. “ಇನ್ನಾ ಆಗಿಲ್ಲ ಅಂದಿತ್ತಲ್ರೀ ಕೂಸು, ಕಾಯಿ ಜೋಡಿ ಅದೂ ಆಗ್ತೈತಿ” ಎಂದಳು. ಹುಲ್ಲು ಹೊದಿಸಿ, ಊದುಬತ್ತಿ ಹಚ್ಚಿ, ಮೇಲೆ ಗೋಣಿಚೀಲ ಬಿಗಿದು, ಒಲೆಯ ಪಕ್ಕದ ಬೆಚ್ಚನೆ ಮೂಲೆಗೆ ಡ್ರಮ್ಮು ಸರಿಸಿದಳು. ನಾನೂ ಕೈಹಚ್ಚಿದೆ.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸದ್ದಾಯಿತು. ನಾನು ಪಕ್ಕದ ನಮ್ಮ ಮಿಲ್ಲಿನಿಂದ ಓಡಿ ಬಂದೆ, ಮಷೀನು ನೋಡುವ ಮೂಕಣ್ಣ ಬೆನ್ನ ಹಿಂದೆ. ಅವನು ಹಿಂದೆ ಗಣಿಯಲ್ಲಿದ್ದವನು. “ಯಜಮಾನ್ರ, ಸಂಡೂರು ಗಣ್ಯಾಗ ಹಿಂಗ ಸದ್ದಾದ್ರ ಮೊದ್ಲು ಮಂದಿ ಎಣಸ್ತಿದ್ವಿ” ಎಂದ. ಎಣಿಸಿದೆವು. ನಿನ್ನವ್ವ ಸಿಗಲಿಲ್ಲ. ಅರ್ಧ ನಿಮಿಷ ಸಿಗಲಿಲ್ಲ, ಕಾವ್ಯಾ. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಬಂದಳು. ಓಣಿಯವರಿಗೆಲ್ಲ ಕುಕ್ಕರ್ ಸಿಡಿಯಿತೆಂದು ಹೇಳಿದ್ದೇವೆ. ಕುಕ್ಕರಿನಲ್ಲಿ ಬಾಳೆಹಣ್ಣು ಯಾಕಿತ್ತೆಂದು ಎದುರುಮನೆ ಎರ್ರೆಮ್ಮ ಕೇಳಿದ್ದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಗು ಅಲ್ಲಿಗೆ ಮುಗಿಯಿತು. ಸಂಜೆ ಗಾಜು ಗುಡಿಸುವಾಗ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಒಂದು ಚೂರು ಕಂಡೆ. ತೇಗದ ಕಟ್ಟಿಗೆಯೊಳಗೆ ಅರ್ಧ ಬೆರಳು ಇಳಿದಿದೆ. ಪಕ್ಕದಲ್ಲಿ ನಿಂತು ಅಳೆದೆ: ನಿನ್ನವ್ವನ ಕಣ್ಣಿನ ಎತ್ತರ. ನಿನ್ನದೂ ಅಷ್ಟೇ ಎತ್ತರ. ಇಕ್ಕಳಕ್ಕೂ ಬರಲಿಲ್ಲ, ಅದರ ಮೇಲೆ ಸಂತೆಚೀಲ ತೂಗುಹಾಕಿದ್ದೇನೆ. ಅದು ಒಂದು ಬಾಟಲಿ. ನಿಮ್ಮ ನೆಲಮಾಳಿಗೆಯಲ್ಲಿ ಹನ್ನೆರಡು ಸಾವಿರ. ದಿನಾ ಒಂದೊಂದನ್ನೂ ಕೈಯಿಂದ ಇಷ್ಟಿಷ್ಟೇ ತಿರುಗಿಸಿ ಮಡ್ಡಿಯನ್ನು ಕುತ್ತಿಗೆಗೆ ಇಳಿಸುವುದು ನಿನ್ನ ಕೆಲಸ. ಅನ್ನಕ್ಕೆ ಕೂತರೆ ತಟ್ಟೆಯಲ್ಲಿ ಅವೇ ಕಾಣುತ್ತವೆ. ಬಿಟ್ಟು ಬಾ ಎಂದು ಬರೆಯಲು ಪೆನ್ನು ತೆಗೆದೆ, ಬರೆಯಲಿಲ್ಲ. ಮೂವತ್ತು ವರ್ಷ ಮಿಲ್ಲಿನ ಬೆಲ್ಟಿನ ಪಕ್ಕ ಧೋತರ ಬಿಟ್ಟುಕೊಂಡು ನಿಂತವನು ನಾನು. ಧೋತರ ಎತ್ತಿ ಕಟ್ಟು ಎನ್ನುತ್ತಿದ್ದ ನಮ್ಮವ್ವನ ಮಾತು ನಾನೆಲ್ಲಿ ಕೇಳಿದ್ದೆ.

ಹೆಲ್ಗಾ ಅಮ್ಮನವರಿಗೆ ನಮಸ್ಕಾರ ಹೇಳು. ಅವರ ವೈನನ್ನು ನಮ್ಮ ಗೋಡೆಗಳು ಮೆಚ್ಚಿಕೊಂಡಿವೆ. ಸುಖವಾಗಿರು ತಾಯಿ.

ನಿನ್ನಪ್ಪ,
ಜಡೆಪ್ಪ

ತಾ.ಕ.: ಫೋನಿನಲ್ಲಿ ಹೇಳಲಾಗದು, ನಿನ್ನವ್ವ ಪಕ್ಕದಲ್ಲೇ ಕೂತಿರುತ್ತಾಳೆ. ನೀನು ಬಾಟಲಿ ತಿರುಗಿಸುತ್ತಿರುವ ಫೋಟೋ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಇಟ್ಟಿದ್ದಾಳಲ್ಲ, ಅದನ್ನು ಭೂತಗನ್ನಡಿ ಹಿಡಿದು ನೋಡಿದೆ. ಗಾಜು ಸಿಡಿದೀತೆಂದು ಕೊಟ್ಟ ಜಾಳಿಗೆಯ ಮುಖವಾಡ ನಿನ್ನ ಹಿಂದೆ ಮೊಳೆಗೆ ತೂಗುತ್ತಿದೆ. ನೀನು ಬರಿ ಮುಖದಲ್ಲಿ ನಗುತ್ತಿದ್ದೀಯ. ಅವಳ ಪೊರೆ ಆಪರೇಷನ್ ಜೂನ್ ಹನ್ನೆರಡಕ್ಕೆ, ಹೊಸಪೇಟೆಯಲ್ಲಿ. ಆಮೇಲೆ ಅವಳಿಗೂ ಕಾಣುತ್ತದೆ. ಅಷ್ಟರೊಳಗೆ ಮುಖವಾಡ ಹಾಕಿಕೊಂಡು ಇನ್ನೊಂದು ಫೋಟೋ ಕಳಿಸು. ಅದೇ ಅಳತೆಯದು ಇರಲಿ, ಹಳೆಯ ಕಟ್ಟಿನಲ್ಲೇ ಕೂರಬೇಕು.